ಏಳು ಗಂಟೆಗೆ ಆರುವ ದೀಪ

ಜನವರಿ 6, 1974. ಭಾನುವಾರ

ಎದ್ದ ಮೇಲೆ ಮೊದಲ ಕೆಲಸ — ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದೆ ತಳ್ಳಿದ್ದು. ಅಡುಗೆಮನೆಯದು, ನಡುಮನೆಯದು, ಇವರ ಕೈಗಡಿಯಾರ. ಸಂಜೆ ಬೆಳಕು ಹೆಚ್ಚು ಹೊತ್ತು ಸಿಗಲೆಂದು ಇಲ್ಲಿ ಎಲ್ಲರೂ ಬೇಸಿಗೆಗೆ ಹೀಗೆ ತಳ್ಳುವುದು ಅಭ್ಯಾಸವಾಗಿತ್ತು. ನಡು ಚಳಿಗಾಲದಲ್ಲಿ ತಳ್ಳುವುದು ಇದೇ ಮೊದಲು. ಪೆಟ್ರೋಲಿಲ್ಲ, ಕರೆಂಟ್ ಉಳಿಸಬೇಕು, ವಾಷಿಂಗ್‌ಟನ್ನಿನವರು ಕಾನೂನು ಮಾಡಿದ್ದಾರೆ.

ಸೂರ್ಯನಿಗೆ ಯಾರು ಹೇಳುತ್ತಾರೆ ಎಂದು ಮಾಲಾ ಕೇಳಿದಳು. ಇಂಗ್ಲಿಷಿನಲ್ಲೇ. ಹತ್ತು ವರ್ಷ. ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷು. ಇವರು ನಕ್ಕರು. "ಅವನಿಗೆ ಹೇಳೋ ಧೈರ್ಯ ಯಾರಿಗೂ ಇಲ್ಲಮ್ಮ. ಅದಕ್ಕೇ ಗಡಿಯಾರಕ್ಕೆ ಹೇಳ್ತಾರೆ."

ಗಡಿಯಾರದ ಕೆಳಗೆ ಹೊಸ ಕ್ಯಾಲೆಂಡರ್ ತೂಗುಹಾಕಿದೆ. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿರುವ ಇವರ ಅಕ್ಕ, ಕೌಸಲ್ಯಾ ಅತ್ತಿಗೆ, ಪ್ರತಿ ವರ್ಷ ಮೈಸೂರಿನಿಂದ ಎರಡು ತರಿಸಿ ಒಂದು ನಮಗೆ ಕೊಡುತ್ತಾರೆ. ತಿಥಿ, ನಕ್ಷತ್ರ, ರಾಹುಕಾಲ, ಎಲ್ಲ ಇದೆ. ಇಲ್ಲಿಯ ರಜಾದಿನಗಳನ್ನು ನಾನೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಜನವರಿ 7. ಸೋಮವಾರ

ಏಳೂವರೆಗೂ ಕತ್ತಲೆ. ಮಾಲಾಳ ಸ್ಕೂಲ್ ಬಸ್ಸು, ಇವರ ನ್ಯೂಯಾರ್ಕ್ ಬಸ್ಸು, ಎರಡೂ ನಿಲ್ಲುವುದು ರಸ್ತೆಯ ಆಚೆ ಮೂಲೆಯಲ್ಲಿ. ಪೆಟ್ರೋಲ್ ಬಂಕಿನ ಸಾಲಿಗೆ ಹೆದರಿ ಡಿಸೆಂಬರಿನಿಂದ ಕಾರು ಮುಟ್ಟಿಲ್ಲ. ಅಪ್ಪ ಮಗಳು ಕೈ ಹಿಡಿದುಕೊಂಡು ಹೋದರು.

ಮೂಲೆಯಲ್ಲಿ ಬೀದಿದೀಪ ಇದೆ. ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ಅದನ್ನು ಆರಿಸುವ ಟೈಮರನ್ನೂ ಮುಂದೆ ತಳ್ಳಿದ್ದಾರೆ, ಹೊಸ ಗಡಿಯಾರದ ಏಳಕ್ಕೇ ಆರಿತ್ತು. ಇವರು ಬೂಟು ಹಾಕಿಕೊಳ್ಳುತ್ತಾ, "ಈ ದೀಪಕ್ಕೆ ಯಾರೂ ಹೇಳಿಲ್ಲ ನೋಡು, ಸೂರ್ಯ ಇನ್ನೂ ಬಂದಿಲ್ಲ ಅಂತ" ಎಂದರು.

ಜನವರಿ 10. ಗುರುವಾರ

ಪೆಟ್ರೋಲಿಗೆ ನಿಲ್ಲಲು ಇವರು ಅರ್ಧ ದಿನ ರಜ ಹಾಕಿದ್ದರು. ಹೊರಡುವ ಮೊದಲು ಟೌನ್ ಹಾಲ್‌ಗೆ ಫೋನ್ ಮಾಡಿದರು. ನಾನು ಅಕ್ಕಿ ಆರಿಸುತ್ತಾ ಪಕ್ಕದಲ್ಲೇ ಕೂತಿದ್ದೆ. ಹೆಸರು, ಮೂಲೆಯ ಗುರುತು, ದೀಪ ಏಳಕ್ಕೆ ಆರುತ್ತದೆ, ಮಕ್ಕಳು ಕತ್ತಲಲ್ಲಿ ನಿಲ್ಲುತ್ತಾರೆ… ಎಲ್ಲ ನಿಧಾನವಾಗಿ ಹೇಳಿದರು. ಆ ಕಡೆಯ ಹೆಂಗಸು ಸಂಬಂಧಪಟ್ಟವರಿಗೆ ತಿಳಿಸುತ್ತೇನೆ ಎಂದಳಂತೆ. "ಆಯ್ತು, ಇನ್ನೊಂದು ವಾರಕ್ಕೆ ಸರಿಹೋಗತ್ತೆ" ಎಂದರು. ಇವರಿಗೆ ಎಲ್ಲರ ಮೇಲೂ ನಂಬಿಕೆ.

ಜನವರಿ 13. ಭಾನುವಾರ

ನಾಳೆ ಸಂಕ್ರಾಂತಿ. ಎಳ್ಳು ಹುರಿದೆ. ಕೊಬ್ಬರಿ ಹೆಚ್ಚಿದವರು ಇವರು. ನನ್ನಷ್ಟು ಸಣ್ಣಗೆ ಬರುವುದಿಲ್ಲ, ಆದರೂ ಬಿಡಲಿಲ್ಲ. ಬೆಲ್ಲ ಕರಾಚಿಯವನ ಅಂಗಡಿಯದು, ಸ್ವಲ್ಪ ಉಪ್ಪುಪ್ಪು. ಮಾಲಾಳಿಗೆ ಜ್ವರ, ನಾಳೆ ಸ್ಕೂಲಿಲ್ಲ. ಸಂಜೆ ಅತ್ತಿಗೆಯವರೆಲ್ಲ ಬರುತ್ತಾರೆ. ಪೊಟ್ಟಣ ಕಟ್ಟಬೇಕು.

ಫೆಬ್ರವರಿ 5. ಮಂಗಳವಾರ

ಬರೆಯಬೇಕು. ನಾನು ಬರೆಯದಿದ್ದರೆ ಬೇರೆಯವರು ಹೇಳಿದ್ದೇ ನಿಂತುಬಿಡುತ್ತದೆ.

ಸಂಕ್ರಾಂತಿಯ ಬೆಳಿಗ್ಗೆ ಇವರು ಏಳೂವರೆಗೆ ಹೊರಟರು. ರಸ್ತೆ ದಾಟುವಾಗ ಕಾರು ಹೊಡೆಯಿತು. ಆಂಬ್ಯುಲೆನ್ಸಿನಲ್ಲೇ ಹೋದರು. ಕಾರಿನ ಮುದುಕ ಕುಡಿದಿರಲಿಲ್ಲ. ಜೋರಾಗಿಯೂ ಬಂದಿರಲಿಲ್ಲ. ಕಾಣಲಿಲ್ಲ, ಕಾಣಲೇ ಇಲ್ಲ ಎನ್ನುತ್ತಾ ರಸ್ತೆಬದಿಯಲ್ಲಿ ಕೂತಿದ್ದ. ಅವನ ಮೇಲೆ ಸಿಟ್ಟು ಬರುತ್ತಿಲ್ಲ. ಬಂದಿದ್ದರೆ ಸುಲಭವಿತ್ತು.

ಹದಿಮೂರು ದಿನದ್ದೂ ಅತ್ತಿಗೆಯ ಮನೆಯಲ್ಲಿ ಆಯಿತು. ಅತ್ತಿಗೆಯ ಯಜಮಾನರು ಶಂಕರನಾರಾಯಣ (ನಾನು ಅಣ್ಣ ಎನ್ನುತ್ತೇನೆ) ಕೆಮಿಸ್ಟ್ರಿಯಲ್ಲಿ ಪಿಎಚ್.ಡಿ., ಔಷಧಿ ಕಂಪನಿಯಲ್ಲಿ ಕೆಲಸ. ಮಂತ್ರವೂ ಬರುತ್ತದೆ. ಅವರೇ ನಿಂತು ಮಾಡಿಸಿದರು.

ಕೊನೆಯ ದಿನ ಊಟವಾದ ಮೇಲೆ, ಬಂದವರೆಲ್ಲ ಕೂತಿದ್ದಾಗ, ಅತ್ತಿಗೆ ನನ್ನ ಕಡೆ ತಿರುಗಿ ಹೇಳಿದರು:

"ಸೋಮವಾರ ಏಳೂವರೆಗೆ ರಾಹುಕಾಲ. ಕ್ಯಾಲೆಂಡರ್ ನಿನ್ನ ಕಣ್ಣೆದುರಿಗೇ ನೇತಾಡ್ತಿತ್ತಲ್ಲ ರಮಾ. ಹಬ್ಬದ ದಿನ, ಐದು ನಿಮಿಷ ಮುಂಚೆ ಕಳಿಸೋಕೆ ಆಗ್ಲಿಲ್ವಾ ನಿಂಗೆ?"

ಬಂದವರೆಲ್ಲ ಲೋಟ ಎತ್ತಿಕೊಂಡು ಎದ್ದರು. ನಾನೂ.

ಪೊಲೀಸಿನವರ ಕಾಗದವೂ ಬಂದಿದೆ. ಅಣ್ಣ ಓದಿ ಹೇಳಿದರು. ಕಪ್ಪು ಕೋಟು, ಕತ್ತಲೆ, ಪಾದಚಾರಿಯ ಅಜಾಗರೂಕತೆ. ಅಂದರೆ ಎರಡು ತೀರ್ಪು. ಒಂದರಲ್ಲಿ ತಪ್ಪು ನನ್ನದು, ಇನ್ನೊಂದರಲ್ಲಿ ಇವರದು. ಎರಡನ್ನೂ ಬರೆದವರು ಆ ಹೊತ್ತಿನಲ್ಲಿ ಆ ಮೂಲೆಯಲ್ಲಿ ಇರಲಿಲ್ಲ.

ಫೆಬ್ರವರಿ 8. ಶುಕ್ರವಾರ

ಮಾಲಾ ಈ ವಾರದಿಂದ ಸ್ಕೂಲಿಗೆ. ಅದೇ ಮೂಲೆ. ಬೇರೆ ಸ್ಟಾಪ್ ಇಲ್ಲವಂತೆ.

ಬೆಳಿಗ್ಗೆ ಸಿಂಕಿನ ಮುಂದೆ ನಿಂತಿದ್ದೆ. ಹೊರಗೆ ಕಡುಗಪ್ಪು. ಮೂಲೆಯ ದೀಪದ ಕೆಳಗೆ ಹಿಮ ಹಳದಿಯಾಗಿ ಕಾಣುತ್ತಿತ್ತು. ಏಳಾಯಿತು. ದೀಪ ಆರಿತು. ಹಿಮ ಹೋಯಿತು, ಮೂಲೆ ಹೋಯಿತು, ಸ್ಟಾಪಿನ ಕಂಬ ಹೋಯಿತು. ಇವತ್ತಿಗೂ ಯಾರೂ ಸರಿಮಾಡಿಲ್ಲ. ಸತ್ತ ಮೇಲೂ.

ಪಕ್ಕದ ಮನೆಯ ಟೋನಿ ಗ್ಯಾರೇಜಿನ ಮುಂದೆ ಹಿಮ ತೆಗೆಯುತ್ತಿದ್ದ. ಇಟಲಿಯವನು, ಮೇನ್ ಸ್ಟ್ರೀಟಿನಲ್ಲಿ ಕ್ಷೌರದ ಅಂಗಡಿ. ಹೆಂಡತಿ ಹೋಗಿ ಮೂರು ವರ್ಷ. ದೀಪ ತೋರಿಸಿದೆ. ಅತ್ತಿಗೆಯ ರಾಹುಕಾಲದ ಮಾತನ್ನೂ ಹೇಳಿದೆ. ಹೆಂಡತಿ ಸತ್ತಾಗ ಅವನ ತಾಯಿ ಯಾರದೋ ಕಣ್ಣು ತಾಕಿತು ಎಂದಳಂತೆ. ನಮ್ಮಲ್ಲಿಯೂ ಕಣ್ಣು ತಾಕುತ್ತದೆ ಎಂದೆ. ಹಾಗಾದರೆ ಕಣ್ಣಿಗೆ ಪಾಸ್‌ಪೋರ್ಟ್ ಬೇಕಿಲ್ಲ ಎಂದು ನಕ್ಕ. ಇವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಟೌನ್ ಮೀಟಿಂಗಿನಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದಂತೆ. ವೋಟಿಲ್ಲದವರೂ. ಬುಧವಾರ ಇದೆಯಂತೆ. ನಾನು ಎಸ್ಸೆಸ್ಸೆಲ್ಸಿ, ನನ್ನ ಇಂಗ್ಲಿಷ್ ಅಂಗಡಿಗೆ ಸಾಲುವಷ್ಟು, ಎಂದೆ. ತನ್ನದು ಅಷ್ಟೂ ಇಲ್ಲ, ಆದರೂ ಮೇಯರನ ತಲೆ ತಾನೇ ಬೋಳಿಸುವುದು ಎಂದ.

ಫೆಬ್ರವರಿ 13. ಬುಧವಾರ, ರಾತ್ರಿ

ಮಾತಾಡಿದೆ.

ಹೇಳಿದ್ದು ಇಷ್ಟು. ಕಾನೂನು ಗಡಿಯಾರವನ್ನು ಮುಂದೆ ತಳ್ಳಿತು. ಬಸ್ಸು ಗಡಿಯಾರದ ಹಿಂದೆ ಹೋಯಿತು, ಆಫೀಸು ಹೋಯಿತು, ಸ್ಕೂಲು ಹೋಯಿತು. ಸೂರ್ಯ ಹೋಗಲಿಲ್ಲ. ದೀಪ ಸೂರ್ಯನ ಬದಲು ಇರುವ ವಸ್ತು. ಅದು ಸೂರ್ಯನನ್ನು ನೋಡಿ ಆರಬೇಕು, ಗಡಿಯಾರವನ್ನು ನೋಡಿ ಅಲ್ಲ. ನನ್ನ ಗಂಡ ನಾಲ್ಕು ದಿನ ಮೊದಲೇ ಫೋನ್ ಮಾಡಿ ಹೇಳಿದ್ದರು. ದಯವಿಟ್ಟು ದೀಪವನ್ನು ಒಂದು ಗಂಟೆ ಹೆಚ್ಚು ಉರಿಸಿ. ನನ್ನ ಮಗಳು ಅಲ್ಲಿ ನಿಲ್ಲುತ್ತಾಳೆ.

ಅಧ್ಯಕ್ಷರು ಸಂತಾಪ ಹೇಳಿದರು. ಟೌನಿನ ಎಂಜಿನಿಯರ್ ಎದ್ದು, ದೀಪಗಳು ಷೆಡ್ಯೂಲಿನ ಪ್ರಕಾರವೇ ನಡೆದಿವೆ, ಜನವರಿ ಹದಿನಾಲ್ಕರಂದೂ ಷೆಡ್ಯೂಲಿನಲ್ಲಿ ಒಂದು ನಿಮಿಷದ ವ್ಯತ್ಯಾಸವಿಲ್ಲ ಎಂದರು. ಹೆಮ್ಮೆಯಿಂದಲೇ ಹೇಳಿದರು. ಅದೇ ತಾನೇ ನಾನು ಹೇಳುತ್ತಿರುವುದು! ಷೆಡ್ಯೂಲ್ ಸರಿಯಾಗಿತ್ತು. ಕತ್ತಲೆಯೊಂದು ತಪ್ಪಾಗಿತ್ತು.

ಇನ್ನೊಂದು ಮಾತು ಹೇಳಬೇಕೆಂದಿದ್ದೆ. ಆಗ ಟೌನಿನ ವಕೀಲ ಅಧ್ಯಕ್ಷರ ಕಿವಿಯಲ್ಲಿ ಏನೋ ಅಂದ. ಮುಂದಿನ ವಿಷಯ ಶುರುವಾಯಿತು. ನಾಯಿಗಳ ಲೈಸೆನ್ಸು.

ಫೆಬ್ರವರಿ 20. ಬುಧವಾರ

ವಕೀಲ ಆಫೀಸಿಗೆ ಬರಹೇಳಿದ್ದ. ಅಣ್ಣ ರಜ ಹಾಕಿ ಜೊತೆಗೆ ಬಂದರು.

ವಕೀಲ ಒಳ್ಳೆಯ ಮಾತಿನವನು. ಕಾಫಿ ಕೊಡಿಸಿದ. ವಿಷಯ ಹೀಗೆ. ಟೈಮರ್ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಆದರೆ ಈಗ ಬದಲಾಯಿಸಿದರೆ ಮೊದಲು ತಪ್ಪಿತ್ತೆಂದು ಟೌನು ಒಪ್ಪಿಕೊಂಡ ಹಾಗೆ ಕಾಣಬಹುದು. ನಾನು ಕೋರ್ಟಿಗೆ ಹೋಗಬಹುದು. ಏಪ್ರಿಲ್ ಮಧ್ಯದವರೆಗೆ ನನಗೆ ಅವಕಾಶ ಇದೆ, ಆಮೇಲೆ ಇಲ್ಲ. ಹಾಗಾಗಿ ಒಂದು ಕಾಗದಕ್ಕೆ ಸಹಿ ಮಾಡಿದರೆ ನಾಳೆಯೇ ದೀಪ ಸರಿಮಾಡುತ್ತಾರೆ.

ಕಾಗದದಲ್ಲಿ ಎರಡು ಮಾತು. ಒಂದು, ಟೌನಿನ ಮೇಲೆ ನಾನು ದಾವೆ ಹೂಡುವುದಿಲ್ಲ. ಆಗಲಿ ಎಂದೆ. ಕಂಪನಿಯ ಇನ್ಶೂರೆನ್ಸ್ ಇದೆ, ದಾವೆ ನನಗೆ ಬೇಡ. ಎರಡು, ದಿವಾಕರ ಎಂಬ ನನ್ನ ಗಂಡ ತನ್ನದೇ ಅಜಾಗರೂಕತೆಯಿಂದ ಸತ್ತನೆಂದು ನಾನು ಒಪ್ಪಿದ್ದೇನೆ.

ಆ ಸಾಲಿನ ಮೇಲೆ ಬೆರಳಿಟ್ಟು ಇದು ನಿಜವಲ್ಲ ಎಂದೆ. ಈ ಊರಿನಲ್ಲಿ ಆ ಮೂಲೆಯ ಬಗ್ಗೆ ಜಾಗರೂಕತೆ ವಹಿಸಿದವರು ಒಬ್ಬರೇ, ಅವರ ಹೆಸರಿನ ಮುಂದೆ ಈ ಮಾತು ಹೇಗೆ ಬರೆಯಲಿ. ಫೋನಿನಲ್ಲಿ ಮಾತಾಡಿದ ಹೆಂಗಸಿನ ಹೆಸರೇನು ಎಂದು ವಕೀಲ ಕೇಳಿದ. ಗೊತ್ತಿಲ್ಲ. ಹಾಗಾದರೆ ಕಾನೂನಿನ ಕಣ್ಣಿಗೆ ಆ ಫೋನು ಇಲ್ಲ ಎಂದ. ಆಮೇಲೆ ಮೆತ್ತಗೆ, ಬಿ ರೀಸನೆಬಲ್ ಎಂದ.

ಕಾರಿನಲ್ಲಿ ಬರುತ್ತಾ ಅಣ್ಣನೂ ಅದನ್ನೇ ಅಂದರು. ಗದರಿಸಿ ಅಲ್ಲ. ಅವರಿಗೂ ನೋವಿದೆ.

"ನೋಡಮ್ಮ ರಮಾ, ಭಾವನೆ ಬಿಟ್ಟು ಯೋಚನೆ ಮಾಡು. ಸತ್ತವರಿಗೆ ಸತ್ಯ ಬೇಕಾಗಿಲ್ಲ. ಬದುಕಿರೋರಿಗೆ ದೀಪ ಬೇಕು. ಸಹಿ ಹಾಕಿದ್ರೆ ಮಾಲಾಗೆ ಬೆಳಕು. ಇಷ್ಟು ಸಿಂಪಲ್ ಲೆಕ್ಕ."

ನಮ್ಮ ಮನೆಯ ಮುಂದೆ ಇಳಿಯುವಾಗ ಕೇಳಿದೆ.

"ದೀಪ ಹತ್ತಿಸೋಕೆ ಕರೆಂಟ್ ಸಾಕಲ್ವಾ ಅಣ್ಣ? ಸುಳ್ಳು ಯಾಕೆ ಬೇಕು?"

ಅವರು ಕಾರು ತಿರುಗಿಸಿಕೊಂಡು ಹೋದರು.

ಫೆಬ್ರವರಿ 21. ಗುರುವಾರ

ನಿದ್ದೆ ಇಲ್ಲ. ಮಾಲಾ ಮಲಗಿರುವುದನ್ನು ನೋಡಿದರೆ ಸಹಿ ಹಾಕಿಬಿಡೋಣ ಅನ್ನಿಸುತ್ತದೆ. ಒಂದು ಸಾಲು ತಾನೇ. ಇವರಂತೂ ಓದುವುದಿಲ್ಲ.

ಆದರೆ ಅವಳು ಓದುತ್ತಾಳಲ್ಲ. ಎಂದೋ ಒಂದು ದಿನ. ಅಪ್ಪ ಎಚ್ಚರವಿಲ್ಲದೆ ಸತ್ತ, ಅಮ್ಮ ಒಪ್ಪಿ ಸಹಿ ಮಾಡಿದ್ದಾಳೆ…

ಟೋನಿ ಒಂದು ದೊಡ್ಡ ಬ್ಯಾಟರಿ ಲಾಟೀನು ಕೊಟ್ಟಿದ್ದಾನೆ, ಮೀನು ಹಿಡಿಯಲು ಹೋಗುವಾಗ ತೆಗೆದುಕೊಂಡು ಹೋಗುವುದಂತೆ. ಬೆಳಿಗ್ಗೆ ಹಿಡಿದುಕೊಂಡು ಮಾಲಾಳ ಜೊತೆ ಮೂಲೆಗೆ ಹೋದೆ. ಅವಳಿಗೆ ನಾಚಿಕೆ. "ಅಮ್ಮ, ಎವ್ರಿಬಡಿ ಈಸ್ ಲುಕಿಂಗ್." ನೋಡಲಿ ಎಂದೆ. ಅದಕ್ಕೇ ತಂದದ್ದು.

ಫೆಬ್ರವರಿ 23. ಶನಿವಾರ

ಅತ್ತಿಗೆಯ ಮನೆಗೆ ಹೋಗಿದ್ದೆ. ಸ್ಕೂಲು ಮುಗಿದ ಕೂಡಲೆ ನಾನೂ ಮಾಲಾಳೂ ಮೈಸೂರಿಗೆ ಹೋಗಿಬಿಡಬೇಕು, ಅದಕ್ಕೆ ಮೊದಲು ಒಂದು ಶಾಂತಿ ಮಾಡಿಸಬೇಕು ಎಂದು ಅವರ ಹಟ. ಶಾಂತಿ ಯಾತಕ್ಕೆ ಎಂದೆ. ರಾಹುವಿಗೆ.

ಈ ಸಲ ಸುಮ್ಮನಿರಲಿಲ್ಲ. ನಮ್ಮ ತಂದೆ ಪಂಚಾಂಗ ನೋಡುತ್ತಿದ್ದವರು, ನನಗೂ ಅಷ್ಟಿಷ್ಟು ಗೊತ್ತು.

"ಅತ್ತಿಗೆ, ಹಗಲನ್ನ ಎಂಟು ಪಾಲು ಮಾಡ್ತಾರೆ, ಸೋಮವಾರ ಎರಡನೇ ಪಾಲು ರಾಹುಗೆ. ಅಲ್ವಾ?"

"ಅದಕ್ಕೇ ಏಳೂವರೆ."

"ಮೈಸೂರಲ್ಲಿ ಆರಕ್ಕೆ ಸೂರ್ಯ ಬಂದರೆ ಏಳೂವರೆ. ಇಲ್ಲಿ ಅವತ್ತು ಸೂರ್ಯ ಬಂದಾಗ ಎಂಟು ದಾಟಿತ್ತು. ಹಗಲೇ ಹುಟ್ಟಿರಲಿಲ್ಲ, ಪಾಲು ಎಲ್ಲಿಂದ ಬರತ್ತೆ? ರಾಹು ಬಂದಿರಲಿಲ್ಲ ಅತ್ತಿಗೆ. ಬಂದಿದ್ದು ಕಾರು."

ಅಣ್ಣ ಪೇಪರಿನ ಹಿಂದಿನಿಂದ, ರಮಾ ಹೇಳಿದ್ದು ಶಾಸ್ತ್ರಕ್ಕೆ ಸರಿಯಾಗೇ ಇದೆ ಎಂದರು. ಅತ್ತಿಗೆ ಅವರ ಕಡೆ ತಿರುಗಿದರು. "ನೀವು ಸುಮ್ಮನಿರಿ. ಇಪ್ಪತ್ತು ವರ್ಷದಿಂದ ಈ ಮನೇಲಿ ಮೈಸೂರು ಟೈಮಿಗೆ ರಾಹುಕಾಲ ನೋಡ್ತಿದೀನಿ. ಇವತ್ತು ಬಾಯಿ ಬಂತಾ?"

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಅವರ ಮುಖ ನೋಡಿದೆ. ಗೆದ್ದ ಹಾಗೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಏನೋ ಆಸರೆ ಕಿತ್ತುಕೊಂಡ ಹಾಗಿದ್ದರು. ಗೋಡೆ ನೋಡುತ್ತಾ ಅಂದರು:

"ಹಾಗಾದರೆ ಆ ಕೋಟೇ."

ಆಗ ತಿಳಿಯಿತು. ನಾವು ಈ ದೇಶಕ್ಕೆ ಬಂದ ವರ್ಷ ತಮ್ಮನಿಗೆ ಆ ಕೋಟು ಕೊಡಿಸಿದವರು ಅತ್ತಿಗೆ. ವುಡ್‌ಬ್ರಿಡ್ಜಿನ ಅಂಗಡಿಯಲ್ಲಿ ಇವರು ಬೂದುಬಣ್ಣದ್ದು ಎತ್ತಿಕೊಂಡಿದ್ದರು. ಕಪ್ಪಾದರೆ ಕೊಳೆ ಕಾಣಿಸುವುದಿಲ್ಲ ಎಂದು ಬದಲಾಯಿಸಿದವರೂ ಅವರೇ. ಪೊಲೀಸಿನವರ ಕಾಗದದಲ್ಲಿ ಕಪ್ಪು ಕೋಟು ಎಂದು ಅಣ್ಣ ಓದಿದಾಗ ಅವರು ಎದ್ದು ಒಳಗೆ ಹೋಗಿದ್ದರು. ನಾನು ಗಮನಿಸಿರಲಿಲ್ಲ. ರಾಹುವಿನ ತಪ್ಪಲ್ಲದಿದ್ದರೆ ಅದು ಅವರ ಕೋಟಿನ ತಪ್ಪು. ಅದಕ್ಕೇ ರಾಹುವನ್ನು ಅಷ್ಟು ಗಟ್ಟಿಯಾಗಿ ಹಿಡಿದಿದ್ದರು.

ಹತ್ತಿರ ಹೋಗಿ ಕೂತೆ. "ಐದು ಚಳಿಗಾಲ ಆ ಕೋಟು ಅವರನ್ನ ಬೆಚ್ಚಗಿಟ್ಟಿತ್ತು ಅತ್ತಿಗೆ. ಕತ್ತಲೆ ಮಾಡಿದ್ದು ಕೋಟಲ್ಲ. ದೀಪ."

ಅವರು ಅತ್ತರು. ಹದಿಮೂರು ದಿನದಲ್ಲಿ ಅಳದೆ ಉಳಿದದ್ದೆಲ್ಲ.

ಈಗ ಸಹಿಯ ಯೋಚನೆ ಬಿಟ್ಟುಹೋಯಿತು. ನಿಜ ಬದುಕಿರುವವರಿಗೂ ಬೇಕಾಗುತ್ತದೆ. ಇದನ್ನು ಅಣ್ಣನಿಗೆ ಹೇಳಬೇಕಿತ್ತು. ಹೇಳುವ ಅಗತ್ಯ ಬೀಳಲಿಲ್ಲ, ಅಲ್ಲೇ ಇದ್ದರು.

ಫೆಬ್ರವರಿ 27. ಬುಧವಾರ

ವಕೀಲನ ಆಫೀಸಿಗೆ ಒಬ್ಬಳೇ ಹೋದೆ. ಪೆನ್ನು ಕೇಳಿದೆ. ಖುಷಿಯಿಂದ ಕೊಟ್ಟ. ಎರಡನೆಯ ಮಾತಿನ ಮೇಲೆ ಅಡ್ಡಗೆರೆ ಎಳೆದು ಕೆಳಗೆ ಸಹಿ ಮಾಡಿದೆ. ರಮಾಮಣಿ ದಿವಾಕರ್. ದಾವೆ ಬಿಟ್ಟೆ, ಆ ವಾಕ್ಯ ಬಿಡುವುದಿಲ್ಲ ಎಂದೆ.

ಹೀಗೆ ಮಾಡಿದರೆ ಕಾಗದ ನಡೆಯುವುದಿಲ್ಲ ಎಂದ. ಇನ್ನು ಸ್ವಲ್ಪ ದಿನದಲ್ಲಿ ಬೆಳಿಗ್ಗೆ ತಾನಾಗಿ ಬೆಳಕಾಗುತ್ತದೆ, ನೀನು ಯಾರ ಜೊತೆ ಜಗಳ ಆಡುತ್ತಿದ್ದೀ ಎಂದ. ಸೂರ್ಯನ ಜೊತೆಯಂತೂ ಅಲ್ಲ ಎಂದೆ. ಅವನು ತನ್ನ ಹೊತ್ತಿಗೆ ಬರುತ್ತಿದ್ದಾನೆ.

ನಾನು ರೀಸನೆಬಲ್ ಅಲ್ಲವಂತೆ. ನಾಲ್ಕು ಜನ ಓದಿದವರು ಹೇಳಿದ್ದನ್ನು ಒಪ್ಪಿದರೆ ರೀಸನೆಬಲ್. ನಾಲ್ಕು ಮಾತು ಕೂಡಿಸಿ ಕಳೆದು ನೋಡಿದರೆ ಹಟಮಾರಿ. ಸರಿ, ಹಟಮಾರಿಯೇ.

ಮಾರ್ಚ್ 6. ಬುಧವಾರ

ಲಾಟೀನು ಹಿಡಿದು ನಿಲ್ಲುವುದು ನಡೆದಿದೆ. ಈಗ ಇನ್ನಿಬ್ಬರು ತಾಯಂದಿರು ಟಾರ್ಚ್ ತರುತ್ತಾರೆ. ಒಬ್ಬಳು ಮೊದಮೊದಲು ನನ್ನ ಸೀರೆ ನೋಡಿ, ಇದೇನು ಪೂಜೆಯೇ ಎಂದು ಕೇಳಿದ್ದಳು. ಅಲ್ಲ, ಬಸ್ ಸ್ಟಾಪು ಎಂದಿದ್ದೆ.

ಟೋನಿಯ ಅಂಗಡಿಯಲ್ಲಿ ಕುರ್ಚಿಗೆ ಕೂತವರೆಲ್ಲ ದೀಪದ ಕಥೆ ಕೇಳಿಯೇ ಏಳಬೇಕಂತೆ. ಗಂಟಲ ಮೇಲೆ ಕತ್ತಿ ಇದ್ದಾಗ ಎಲ್ಲರೂ ಗಮನವಿಟ್ಟು ಕೇಳುತ್ತಾರೆ ಎನ್ನುತ್ತಾನೆ.

ಏಪ್ರಿಲ್ 17. ಬುಧವಾರ

ದಾವೆಯ ಗಡುವು ಮುಗಿಯಿತು. ಟೌನಿಗೆ ಇನ್ನು ನನ್ನ ಭಯವಿಲ್ಲ. ಈಗಲಾದರೂ ಟೈಮರ್ ಬದಲಾಯಿಸಿ ಎಂದು ಮೀಟಿಂಗಿನಲ್ಲಿ ಕೇಳಿದೆ. ಏಳು ಗಂಟೆಗೆ ಈಗ ಬಿಸಿಲಿದೆಯಲ್ಲ ಎಂದರು. ಆಗ ಭಯವಿತ್ತು, ಮಾಡಲಿಲ್ಲ. ಈಗ ಭಯವಿಲ್ಲ, ಮಾಡುವುದಿಲ್ಲ.

ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಮೈಸೂರಿಗೆ ಹೋಗುವುದಿಲ್ಲ ಎಂದು ಅತ್ತಿಗೆಗೆ ಹೇಳಿದೆ. ಬೈಯಲಿಲ್ಲ. ಅಂಗಡಿಯ ಹೊಲಿಗೆ ಮಿಷನ್ನಿಗೆ ಎಣ್ಣೆ ಹಾಕಿರ್ತಾರೋ ಇಲ್ಲವೋ ನೋಡಿಕೋ ಎಂದರು.

ಅಕ್ಟೋಬರ್ 27. ಭಾನುವಾರ

ಗಡಿಯಾರ ಹಿಂದೆ ತಿರುಗಿಸಿದೆ. ಈ ಸಲ ನಡು ಚಳಿಗಾಲದಲ್ಲಿ ಮುಂದೆ ತಳ್ಳುವುದಿಲ್ಲವಂತೆ. ವಾಷಿಂಗ್‌ಟನ್ನಿನವರು ಅದೇ ಕಾನೂನನ್ನು ತಿದ್ದಿದ್ದಾರೆ. ಕತ್ತಲಲ್ಲಿ ಸ್ಕೂಲಿಗೆ ಹೋಗುವ ಮಕ್ಕಳ ತಾಯ್ತಂದೆಯರು ದೇಶದ ತುಂಬ ಗಲಾಟೆ ಮಾಡಿದರಂತೆ. ಪೇಪರಿನಲ್ಲಿ ಇಷ್ಟೇ ಇಷ್ಟು ಬಂದಿದೆ. ಮೂರು ಸಲ ಓದಿದೆ.

ಅಷ್ಟು ದೊಡ್ಡ ಸಭೆ ಒಂದು ಸಲ ಮಾಡಿದ್ದನ್ನು ಮತ್ತೆ ಕೂತು ಯೋಚಿಸಿ ತಿದ್ದಬಹುದು. ನಮ್ಮ ಮೂಲೆಯ ಟೈಮರನ್ನು ತಿದ್ದಿದರೆ ಮಾತ್ರ ಮರ್ಯಾದೆ ಹೋಗುತ್ತದೆ.

ಫೆಬ್ರವರಿ ಕೊನೆಯಲ್ಲಿ ಮತ್ತೆ ಮುಂದೆ ತಳ್ಳುತ್ತಾರೆ. ಆಗ ಬೆಳಿಗ್ಗೆ ಏಳಕ್ಕೆ ಮತ್ತೆ ಕತ್ತಲೆ, ಕೆಲವು ವಾರ. ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ.

ನವೆಂಬರ್ 6. ಬುಧವಾರ

ಚುನಾವಣೆ ಮುಗಿಯಿತು. ನನಗೆ ಗ್ರೀನ್ ಕಾರ್ಡಷ್ಟೇ, ವೋಟಿಲ್ಲ. ಆದರೂ ಟೌನ್ ಕೌನ್ಸಿಲಿಗೆ ನಿಂತವರು ಬಾಗಿಲಿಗೆ ಬಂದಾಗ ಒಬ್ಬೊಬ್ಬರನ್ನೂ ಕಿಟಕಿಗೆ ಕರೆದುಕೊಂಡು ಹೋಗಿ ದೀಪ ತೋರಿಸಿದ್ದೆ. ಒಬ್ಬ, ನಿಮಗೆ ವೋಟಿದೆಯೇ ಎಂದು ಮೊದಲೇ ಕೇಳಿದ. ಅವನು ಸೋತ. ನನ್ನಿಂದಲ್ಲ, ಆದರೂ ಬರೆದುಕೊಳ್ಳುತ್ತೇನೆ. ಟಾರ್ಚ್ ತರುತ್ತಿದ್ದ ತಾಯಿಯೊಬ್ಬಳ ಗಂಡ ಗೆದ್ದಿದ್ದಾನೆ.

ಫೆಬ್ರವರಿ 2, 1975. ಭಾನುವಾರ

ಇವರ ವರ್ಷದ ತಿಥಿ. ಹೋದದ್ದು ಜನವರಿಯಲ್ಲಿ, ತಿಥಿ ಬಂದದ್ದು ಫೆಬ್ರವರಿಯಲ್ಲಿ. ಯಾಕೆ ಎಂದು ಮಾಲಾ ಕೇಳಿದಳು. ಅಧಿಕಮಾಸ ಬಂದಿತ್ತು, ಅದಕ್ಕೆ, ಎಂದು ಅಣ್ಣ ವಿವರಿಸಿದರು. ಚಂದ್ರನ ಲೆಕ್ಕವೂ ಸೂರ್ಯನ ಲೆಕ್ಕವೂ ಸರಿಹೊಂದದೆ ಹೋದಾಗ ಹಿರಿಯರು ಒಂದು ತಿಂಗಳನ್ನೇ ಹೆಚ್ಚಿಗೆ ಸೇರಿಸಿದರು. "ಸೋ ದೆ ಫಿಕ್ಸ್ಡ್ ಇಟ್," ಎಂದಳು ಮಾಲಾ. ಹೌದು. ಸರಿಮಾಡಿದರು. ಲೆಕ್ಕಕ್ಕೆ ಆಕಾಶ ಬಗ್ಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಅತ್ತಿಗೆ ಈ ಸಲ ಒಂದೇ ಕ್ಯಾಲೆಂಡರ್ ತರಿಸಿದ್ದಾರೆ. ನನಗೆ ಕೊಟ್ಟರು. ತಮಗೆ ಬೇಡವೇ ಎಂದೆ. "ನೀನೇ ಇಟ್ಕೋ. ಬೇಕಾದಾಗ ಫೋನ್ ಮಾಡ್ತೀನಿ, ಇಲ್ಲಿ ಟೈಮಿಗೆ ಲೆಕ್ಕ ಹಾಕಿ ಹೇಳು." ರಾಹುವನ್ನು ಬಿಟ್ಟಿಲ್ಲ. ಅವನಿಗೂ ಅಮೆರಿಕದ ಟೈಮು ಕೊಡಿಸಿದ್ದಾರೆ.

ಫೆಬ್ರವರಿ 12. ಬುಧವಾರ

ಕೌನ್ಸಿಲ್ ಮೀಟಿಂಗು. ಬೀದಿದೀಪಗಳಿಗೆ ಎಲೆಕ್ಟ್ರಿಕ್ ಐ ಹಾಕಿಸುತ್ತಾರೆ. ಕತ್ತಲೆಯೋ ಬೆಳಕೋ ಎಂದು ದೀಪವೇ ನೋಡಿಕೊಳ್ಳುತ್ತದಂತೆ. ಮೊದಲು ಸ್ಕೂಲ್ ಬಸ್ ನಿಲ್ಲುವ ಮೂಲೆಗಳಿಗೆ. ಎಲ್ಲರೂ ಕೈ ಎತ್ತಿದರು. ಹಳೆಯ ಎಂಜಿನಿಯರ್ ಕೂಡ ತಲೆಯಾಡಿಸಿದರು.

ಕಾರಣ ಎಂಬ ಜಾಗದಲ್ಲಿ ವಕೀಲ 'ಆಧುನೀಕರಣ' ಎಂದು ಬರೆಸಿದ.

ಎದ್ದು ನಿಂತೆ. ಕೆಲಸ ಆಯಿತಲ್ಲ, ಕೂತುಕೋ ಎಂದು ಟೋನಿ ಸೀರೆಯ ಸೆರಗು ಎಳೆದ. ಕೂರಲಿಲ್ಲ. ಹೋದ ವರ್ಷ ಜನವರಿ ಹದಿನಾಲ್ಕರ ಬೆಳಿಗ್ಗೆ ಆ ಮೂಲೆಯ ದೀಪ ಆರಿತ್ತು, ಹೊರಗೆ ಕತ್ತಲೆ ಇತ್ತು, ಅದನ್ನು ಮೊದಲೇ ನೋಡಿ ಟೌನಿಗೆ ತಿಳಿಸಿದವರು ದಿವಾಕರ, ಅವರು ಅಜಾಗರೂಕರಾಗಿರಲಿಲ್ಲ ಎಂದೆ. ಕಾರಣ ಅದು, ಅದನ್ನು ಬರೆದುಕೊಳ್ಳಿ.

ಅದು ಕೌನ್ಸಿಲಿನ ಅಭಿಪ್ರಾಯವಲ್ಲ ಎಂದು ವಕೀಲ ಹೇಳಿದ. ಹೊಸ ಅಧ್ಯಕ್ಷರು ಯೋಚಿಸಿದರು. ಹಾಗಾದರೆ ಮಿಸೆಸ್ ದಿವಾಕರ್ ಹೀಗೆ ಹೇಳಿದರು ಎಂದು ಬರೆಯಿರಿ ಎಂದರು. ಟೈಪಿಸ್ಟ್ ಹುಡುಗಿ ನನಗೆ ಇನ್ನೊಂದು ಸಲ ಹೇಳಿ ಎಂದಳು. ಇನ್ನೊಂದು ಸಲ ಹೇಳಿದೆ. ಟಕಟಕ ಸದ್ದು ಮುಗಿಯುವವರೆಗೂ ನಿಂತಿದ್ದೆ.

ಹೇಳಿದರು ಎಂದಷ್ಟೇ ಇದೆ. ನಿಜ ಎಂದು ಇಲ್ಲ. ಇರಲಿ. ಮಾಲಾ ಓದುವಾಗ ಆ ಸಾಲೂ ಇರುತ್ತದೆ.

ಫೆಬ್ರವರಿ 24. ಸೋಮವಾರ, ಬೆಳಿಗ್ಗೆ

ನಿನ್ನೆ ಗಡಿಯಾರ ತಳ್ಳಿದ್ದಾಯಿತು. ಆರಕ್ಕೇ ಎದ್ದೆ. ಎದುರು ಏನೂ ಕಾಣದಷ್ಟು ಕತ್ತಲೆ, ಮೋಡ ಬೇರೆ. ದೀಪಕ್ಕೆ ಶುಕ್ರವಾರ ಏಣಿ ಹಾಕಿ ಏನೋ ಕೂರಿಸಿ ಹೋದರು. ಕೆಲಸ ಮಾಡುತ್ತದೋ ಇಲ್ಲವೋ, ಇವತ್ತು ಗೊತ್ತಾಗಬೇಕು. ಟೋನಿಯ ಲಾಟೀನಿಗೆ ಬ್ಯಾಟರಿ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೇನೆ.

ಅತ್ತಿಗೆ ಶನಿವಾರದಿಂದ ಇಲ್ಲೇ ಇದ್ದಾರೆ. ಮಾಲಾಳನ್ನು ಬಸ್ಸಿಗೆ ತಾವೇ ಬಿಡುತ್ತಾರಂತೆ. ಸೋಮವಾರ, ಏಳೂವರೆ, ಎಂದು ನೆನಪಿಸಿದೆ. "ಗೊತ್ತು. ನಿನ್ನ ಲೆಕ್ಕ ಸರಿಯಾಗಿದ್ರೆ ಅವನು ಇನ್ನೂ ಹಾಸಿಗೇಲಿರ್ತಾನೆ" ಎಂದರು. ಅಣ್ಣನ ಬಿಳೀ ಮಫ್ಲರ್ ತಲೆಗೆ ಸುತ್ತಿಕೊಂಡಿದ್ದಾರೆ. ಮಾಲಾ ನಗುತ್ತಿದ್ದಾಳೆ.

ಸಿಂಕಿನ ಮುಂದೆ ನಿಂತೇ ಬರೆಯುತ್ತಿದ್ದೇನೆ. ಏಳಕ್ಕೆ ಇನ್ನೊಂದು ನಿಮಿಷ. ಹಿಮ ಹಳದಿಯಾಗಿದೆ. ಮೂಲೆ ಇದೆ. ಸ್ಟಾಪಿನ ಕಂಬ ಇದೆ. ಇವರು ಇದ್ದಿದ್ದರೆ ಈಗ ಬೂಟು ಹಾಕಿಕೊಳ್ಳುತ್ತಾ ಏನೋ ಒಂದು…

ಏಳಾಯಿತು.

ಉರಿಯುತ್ತಿದೆ. ಏಳು ದಾಟಿತು, ಇನ್ನೂ ಉರಿಯುತ್ತಿದೆ. ಅತ್ತಿಗೆ ಕರೆಯುತ್ತಿದ್ದಾರೆ, ಬಾಗಿಲ ಚಿಲಕ ತೆಗೆಯಲು ಬರುತ್ತಿಲ್ಲವಂತೆ —